ಅಜ್ಜನ ಮಣ್ಣು, ಹರಪನಹಳ್ಳಿಯ ಮ್ಯಾಟು

ಹರಪನಹಳ್ಳಿಯ ಆ ಜಿಮ್ಮಿನಲ್ಲಿ ಮೊದಲ ದಿನವೇ ನನ್ನನ್ನು ಕೆಡವಿದವಳು ಒಬ್ಬ ಬ್ಯಾಂಕಿನ ಹುಡುಗಿ. ನನಗಿಂತ ಗಿಡ್ಡ, ನನಗಿಂತ ತೆಳ್ಳಗೆ, ಮಾತು ಮಾತಿಗೆ ‘ಸಾರಿ ಮೇಡಂ’ ಅನ್ನುವವಳು. ಸಾರಿ ಅನ್ನುತ್ತಲೇ ನನ್ನ ಕಾಲು ಕಿತ್ತಳು. ಬೀಳುವಾಗ ನನ್ನ ಮೈ ನನ್ನನ್ನು ಒಂದು ಮಾತೂ ಕೇಳದೆ ಗಾಳಿಯಲ್ಲೇ ಹೊರಳಿ ಬೋರಲಾಗಿ ಬಿತ್ತು. ಮೊಣಕೈ, ಮೊಣಕಾಲು ಊರಿ, ಕುತ್ತಿಗೆ ಬಿಗಿ ಹಿಡಿದು, ಇನ್ನು ಭೀಮ ಬಂದರೂ ನನ್ನನ್ನು ಮಗುಚಲಾರ ಅನ್ನುವ ಧೈರ್ಯದಲ್ಲಿ ಅವುಚಿಕೊಂಡು ಇದ್ದೆ. ಆ ಹುಡುಗಿ ಮಗುಚುವ ಗೋಜಿಗೇ ಹೋಗಲಿಲ್ಲ. ಬೆನ್ನೇರಿ ಕೂತು, ನನ್ನ ಗದ್ದದ ಕೆಳಗೆ ತೋಳು ತೂರಿಸಿ ಅಮುಕಿದಳು.

ಕುತ್ತಿಗೆ ಅಮುಕಿದರೆ ಬಹಳ ನೋವಾಗುತ್ತದೆ ಅಂದುಕೊಂಡಿದ್ದೆ. ಅಷ್ಟೇನೂ ಆಗುವುದಿಲ್ಲ. ಜಗತ್ತು ಮೆಲ್ಲಗೆ ದೂರ ಸರಿಯುತ್ತದೆ. ಫ್ಯಾನಿನ ಸದ್ದು ಪಕ್ಕದ ಓಣಿಯಿಂದ ಬಂದಂತೆ ಕೇಳುತ್ತದೆ, ಸುತ್ತ ಎಲ್ಲ ಮಂಜಾಗುತ್ತದೆ, ನಡುವೆ ಒಂದು ಬೆಳಕಿನ ಚೌಕ ಮಾತ್ರ ಉಳಿಯುತ್ತದೆ. ಆ ಚೌಕದಲ್ಲಿ ನನಗೆ ಕೊಟ್ಟೂರಿನ ನಮ್ಮ ಗರಡಿ ಮನೆಯ ಕಿಟಕಿ ಕಂಡಿತು. ಕಿಟಕಿಯಾಚೆ ಕೆಂಪು ಮಣ್ಣು, ಮಣ್ಣಿನ ಮೇಲೆ ಬೆಳಗಿನ ಬಿಸಿಲು, ಬಿಸಿಲಲ್ಲಿ ತೇಲುವ ಧೂಳು. ಎಷ್ಟು ಹಿತವಾಗಿತ್ತೆಂದರೆ, ಟ್ಯಾಪ್ ಮಾಡುವುದೇ ಮರೆತುಹೋಯಿತು. ಟ್ಯಾಪ್ ಅಂದರೆ ಎದುರಾಳಿಯ ಮೈಯನ್ನು ಅಂಗೈಯಿಂದ ತಟ್ಟಿ, ಸೋತೆ ಬಿಡು ಅನ್ನುವುದು. ಕೊನೆಗೆ ಕೋಚ್ ಓಡಿಬಂದು ಬಿಡಿಸಿದ.

ಕೋಚ್ ಹಡಗಲಿ ಕಡೆಯ ಹುಡುಗ. ಒಂದು ಕಾಲಕ್ಕೆ ನಮ್ಮಜ್ಜನ ಗರಡಿಯಲ್ಲೇ ಮಣ್ಣು ಮೆತ್ತಿಕೊಂಡು ಬೆಳೆದವನು; ಆಮೇಲೆ ದಾವಣಗೆರೆಯಲ್ಲಿ ಗುದ್ದು, ಕುಸ್ತಿ ಎಲ್ಲ ಬೆರೆತ ಈ ಹೊಸ ಆಟ ಕಲಿತು, ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಗೋದಾಮಿನ ಮಹಡಿ ಬಾಡಿಗೆ ಹಿಡಿದಿದ್ದ. ನನಗೆ ನೀರು ಕುಡಿಸಿ ಎದುರಿಗೆ ಕೂತ.

‘ಅಕ್ಕಾರ, ನೀವು ಗರಡಿಯೊಳಗ ಯಾವತ್ತರ ಕಾಲಿಟ್ಟೀರೇನ್ರಿ?’

‘ಇಲ್ಲಪ್ಪ. ನಿನಗ ಗೊತ್ತಿಲ್ಲೇನು?’

‘ಮತ್ತ ಬೆನ್ನು ನೆಲಕ್ಕ ತಾಗಬಾರದು ಅನ್ನೂದು ಮೈಯಾಗ ಹೆಂಗ ಕುಂತೈತ್ರಿ?’ ಅಂತ ನಗತೊಡಗಿದ. ‘ಗರಡಿಯಿಂದ ಬಂದೋರೆಲ್ಲ ಇದ ತಪ್ಪು ಮಾಡ್ತಾರ್ರಿ. ನಾನೂ ಮಾಡೀನಿ. ಆದ್ರ ಕಿಟಕ್ಯಾಗ ನಿಂತು ನೋಡಿ ಈ ತಪ್ಪು ಕಲ್ತೋರು ನೀವೊಬ್ರ.’

ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಅಲ್ಲಿಗೆ ಆಟ ಮುಗಿಯಿತು. ಅದಕ್ಕೇ ಪೈಲ್ವಾನನ ಮೈ ಬೀಳುವಾಗೆಲ್ಲ ಬೋರಲಾಗಲು ಹವಣಿಸುತ್ತದೆ. ಈ ಹೊಸ ಆಟದಲ್ಲಿ ಬೋರಲಾದೆಯೋ, ಬೆನ್ನನ್ನು ಎದುರಾಳಿಯ ಕೈಗೆ ನೀನೇ ಕೊಟ್ಟಂತೆ. ಅಂಗಾತ ಬೀಳಬೇಕು, ಕಾಲುಗಳಲ್ಲಿ ಅವರ ಸೊಂಟ ಕಟ್ಟಬೇಕು, ಅಲ್ಲಿಂದ ಮತ್ತೆ ಆಡಬೇಕು. ಹೇಳಲು ಸಲೀಸು. ನನಗೆ ಅದು ಬರಲು ಬಹಳ ಕಾಲ ಹಿಡಿಯಿತು, ಈಗಲೂ ಪೂರಾ ಬಂದಿಲ್ಲ.

ನಮ್ಮ ಮನೆಯ ಪಕ್ಕದಲ್ಲೇ ಗರಡಿ, ನಡುವೆ ಒಂದು ಅಂಗಳ. ಅಜ್ಜ, ಅಂದರೆ ಅಪ್ಪನ ಅಪ್ಪ, ಆ ಗರಡಿಯ ವಸ್ತಾದ. ಕೂಡ್ಲಿಗಿಯಿಂದ, ಹಡಗಲಿಯಿಂದ, ಹಂಪಸಾಗರದ ಕಡೆಯಿಂದ ಹುಡುಗರು ಬಂದು ಅವನ ಹತ್ತಿರ ಪಟ್ಟು ಕಲಿತು ಹೋಗಿದ್ದಾರೆ. ಅಪ್ಪನಿಗೆ ಮಾತ್ರ ಕುಸ್ತಿ ಹತ್ತಲಿಲ್ಲ. ಅವನು ಬಟ್ಟೆ ಅಂಗಡಿ ಇಟ್ಟು ಸುಖವಾಗಿದ್ದಾನೆ. ಅಜ್ಜನ ಬೆನ್ನು ಮಣ್ಣು ಕಂಡಿಲ್ಲ ಅನ್ನುವುದು ಊರಿನ ಮಾತು. ಮನೆಯಲ್ಲಿ ಅದು ತಮಾಷೆಯ ಮಾತೂ ಹೌದು, ಯಾಕೆಂದರೆ ಅಜ್ಜ ನಿದ್ದೆಯಲ್ಲೂ ಅಂಗಾತ ಆಗುವುದಿಲ್ಲ, ಮಗ್ಗುಲಾಗಿಯೇ ಮಲಗುತ್ತಾನೆ. ಒಮ್ಮೆ ಆಸ್ಪತ್ರೆಯಲ್ಲಿ ಎದೆ ಪರೀಕ್ಷೆಗೆ ಅಂಗಾತ ಮಲಗಿ ಅಂದ ನರ್ಸಮ್ಮನ ಜೊತೆ, ‘ಕುಂತಾಗ ತಗೀತಿದ್ರ ತಗೀರಿ, ಇಲ್ಲಾ ಬಿಡ್ರಿ’ ಅಂತ ಜಗಳವಾಡಿ ಎದ್ದು ಬಂದಿದ್ದ.

ಆ ಗರಡಿಗೆ ಹೆಣ್ಣುಮಕ್ಕಳು ಹೋಗುವಂತಿಲ್ಲ. ಒಳಗೆ ಹನುಮಪ್ಪ ಇದ್ದಾನೆ, ಅವನು ಬ್ರಹ್ಮಚಾರಿ ಅನ್ನುವುದು ಕಾರಣ. ಒಬ್ಬ ತಾಯಿಯನ್ನು ಹುಡುಕಿಕೊಂಡು ಸಮುದ್ರ ಹಾರಿದ ದೇವರಿಗೆ ಹೆಣ್ಣುಮಕ್ಕಳ ಪಾದ ಆಗಿಬರುವುದಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಆದರೆ ನನ್ನ ಸಿಟ್ಟಿಗೆ ನಿಜವಾದ ಕಾರಣ ಅದಲ್ಲ. ಆ ಮಣ್ಣನ್ನು ಹದ ಮಾಡುತ್ತಿದ್ದವರೇ ನಾವು. ಕೆರೆಯ ಕಡೆಯಿಂದ ಹೊಸ ಮಣ್ಣು ತಂದು ಅಂಗಳದಲ್ಲಿ ಸುರಿದ ದಿನ ಅವ್ವ ಮತ್ತು ನಾನು ಜರಡಿ ಹಿಡಿದು ಕೂರುತ್ತಿದ್ದೆವು. ಹರಳು, ಬೇರು, ಕಸ ಆರಿಸಿ, ಹಿಟ್ಟಿನಷ್ಟು ನುಣ್ಣಗೆ ಮಾಡಿ, ಅದಕ್ಕೆ ಅರಿಶಿನ, ನಿಂಬೆರಸ, ಮಜ್ಜಿಗೆ, ಎಳ್ಳೆಣ್ಣೆ ಹಾಕಿ ಮೊಣಕೈವರೆಗೂ ಕೈ ಮುಳುಗಿಸಿ ಕಲೆಸುತ್ತಿದ್ದೆವು. ಆ ವಾಸನೆ ಎಂಟು ದಿನವಾದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಆಮೇಲೆ ಪೈಲ್ವಾನರು ಬಂದು ಬುಟ್ಟಿಯಲ್ಲಿ ತುಂಬಿ ಒಳಗೆ ಒಯ್ಯುತ್ತಿದ್ದರು. ಗರಡಿಯ ಹೊಸ್ತಿಲು ದಾಟಿತೆಂದರೆ ಮುಗಿಯಿತು. ಕಲೆಸಿದ ಕೈ ಅದನ್ನು ಮುಟ್ಟುವಂತಿಲ್ಲ, ಕಾಲಿಡುವ ಮಾತು ದೂರವೇ ಉಳಿಯಿತು.

‘ಅಂಗಳದಾಗ ಇದ್ದಾಗ ಇಲ್ಲದ ಮಡಿ ಒಳಗ ಹೋದಮ್ಯಾಲೆ ಎಲ್ಲಿಂದ ಬರ್ತೈತಿ?’ ಅಂತ ಒಮ್ಮೆ ಅವ್ವನನ್ನು ಕೇಳಿದ್ದೆ. ನನಗೆ ಆಗ ಲಂಗ ಉಡುವ ವಯಸ್ಸು, ಬಾಯಿ ಮಾತ್ರ ಮುದುಕಿಯದು.

‘ಬಾಯಿ ಮುಚ್ಕೊಂಡು ಜರಡಿ ಹಿಡಿ,’ ಅಂದಳು ಅವ್ವ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತಾನೂ ಜರಡಿ ಆಡಿಸಿದಳು. ನೇಮ ಮಾಡಿದವನು ಅಜ್ಜ, ಅದನ್ನು ಕಾಯುವವಳು ಅವ್ವ ಅಂತ ಅವತ್ತೇ ತೀರ್ಮಾನಿಸಿಬಿಟ್ಟೆ. ಅಜ್ಜನಿಗಿಂತ ಅವ್ವನ ಮೇಲೆಯೇ ನನಗೆ ಹೆಚ್ಚು ಸಿಟ್ಟಿತ್ತು.

ಉಳಿದದ್ದು ಕಿಟಕಿ. ಅಂಗಳದ ಒರಳುಕಲ್ಲಿನ ಮೇಲೆ ನಿಂತರೆ ಕಿಟಕಿಯ ಸರಳು ಗಲ್ಲಕ್ಕೆ ಬರುತ್ತಿತ್ತು. ಅಲ್ಲಿಂದ ಎಲ್ಲವನ್ನೂ ನಿಜವಾಗಿ ಕಂಡೆನೋ, ಕನಸಿನಲ್ಲಿ ಕಂಡಿದ್ದನ್ನು ಅದಕ್ಕೆ ಸೇರಿಸಿಕೊಂಡೆನೋ, ಈಗ ಹೇಳಲು ಬರುವುದಿಲ್ಲ. ಮಾತಿಲ್ಲದ ಒಂದು ಲೋಕ ಅದು. ಬೈಠಕ್ ಹೊಡೆಯುವವರ ಉಸಿರು ಏರಿ ಇಳಿಯುವುದು ಮಾತ್ರ ಕೇಳುತ್ತಿತ್ತು. ಇಬ್ಬರು ಎದುರಾಗಿ, ಒಂದು ಹಿಡಿ ಮಣ್ಣೆತ್ತಿ ಹಣೆಗೆ ಮುಟ್ಟಿಸಿ, ಇನ್ನೊಂದು ಹಿಡಿಯನ್ನು ಎದುರಾಳಿಯ ಭುಜಕ್ಕೆ ಹಚ್ಚುತ್ತಿದ್ದರು. ನನ್ನನ್ನು ಗಟ್ಟಿಯಾಗಿ ಹಿಡಿ, ಜಾರಬೇಡ ಅಂತ. ಮೈಗಳು ಕೆಂಪಾಗಿ, ಯಾರ ಕೈ ಯಾವುದು, ಯಾರ ಕಾಲು ಯಾವುದು ತಿಳಿಯದೆ, ಮಣ್ಣೇ ಎದ್ದು ಮಣ್ಣಿನ ಜೊತೆ ಸೆಣಸಿದ ಹಾಗೆ ಕಾಣುತ್ತಿತ್ತು. ಬಿಸಿಲು ಹನುಮಪ್ಪನ ಪಾದದಿಂದ ಮೂಲೆಯ ಗದೆಗೆ ಸರಿದರೆ ಸಾಮು ಮುಗಿಯುವ ಹೊತ್ತು. ಆ ಹೊತ್ತಿಗೆ ನನ್ನ ಶಾಲೆಯ ಗಂಟೆಯೂ ಹೊಡೆದಿರುತ್ತಿತ್ತು, ದಿನಾ ಏಟು ತಿನ್ನುತ್ತಿದ್ದೆ. ಆ ಮಣ್ಣಿನ ಮೇಲೆ ಒಮ್ಮೆ ನಿಲ್ಲಬೇಕು ಅನ್ನುವುದಕ್ಕಿಂತ ದೊಡ್ಡ ಆಸೆ ನನಗೆ ಆ ವಯಸ್ಸಿನಲ್ಲಿ ಇನ್ನೊಂದಿರಲಿಲ್ಲ.

ದೊಡ್ಡವಳಾಗಿ ಪಿ.ಟಿ. ಟೀಚರಾದೆ. ಮದುವೆಯಾಗಿ ಹೋದದ್ದು ಕೊಟ್ಟೂರಿನದೇ ಇನ್ನೊಂದು ಓಣಿಗೆ, ಕೆಲಸ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ. ಈಗ ಹೆಣ್ಣುಮಕ್ಕಳ ಕುಸ್ತಿಯೂ ಶಾಲಾ ಕ್ರೀಡೆಗಳಲ್ಲಿ ಬಂದಿದೆ. ನನ್ನ ಶಾಲೆಯ ನಾಲ್ಕಾರು ಹುಡುಗಿಯರು ‘ಮಿಸ್, ಕಲಿಸ್ರಿ’ ಅಂತ ಬೆನ್ನು ಬಿದ್ದರು. ಹೊಲದಲ್ಲಿ ದುಡಿದ ತೋಳು, ಯಾರಿಗೂ ಹೆದರದ ಕಣ್ಣು. ಇವರಿಗೆ ನಾನು ಏನು ಕಲಿಸಲಿ, ಕಬಡ್ಡಿಯ ಆಚೆ ನನಗೇನು ಬರುತ್ತದೆ? ಹಾಗಾಗಿ ಭಾನುವಾರ ಭಾನುವಾರ ಹರಪನಹಳ್ಳಿಯ ಬಸ್ಸು ಹತ್ತತೊಡಗಿದೆ. ನನ್ನ ಗಂಡ, ‘ಈ ವಯಸ್ಸಿನಾಗ ಯಾರನ್ನ ಹೊಡಿಯಾಕ?’ ಅಂತ ಕೇಳಿದ. ‘ಮೊದ್ಲು ನಿನ್ನ,’ ಅಂದೆ.

ಆ ಜಿಮ್ಮು ನನಗೆ ಬಹಳ ವಿಚಿತ್ರವಾಗಿ ಕಂಡಿತು. ಗೋಡೆ ತುಂಬ ಕನ್ನಡಿ. ಗರಡಿಯಲ್ಲಿ ಕನ್ನಡಿಯೇ ಇಲ್ಲ. ನೀನು ಹೇಗಿದ್ದೀಯ ಅನ್ನುವುದನ್ನು ವಸ್ತಾದ ಹೇಳಬೇಕು, ಅವನು ಹೇಳುವುದೂ ವರ್ಷಕ್ಕೊಮ್ಮೆ. ಇಲ್ಲಿ ಎಲ್ಲರೂ ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ, ಸಾಲದ್ದಕ್ಕೆ ಮೊಬೈಲಿನಲ್ಲೂ ಹಿಡಿದುಕೊಳ್ಳುತ್ತಾರೆ. ಗರಡಿಗೆ ಹೊಸದಾಗಿ ಬಂದವನು ತಿಂಗಳುಗಟ್ಟಲೆ ಮಣ್ಣು ಅಗೆದು, ದಂಡ, ಬೈಠಕ್ ಹೊಡೆದು, ದೊಡ್ಡವರ ಮೈ ತಿಕ್ಕಿ, ಆಮೇಲೆ ಒಂದು ಪಟ್ಟು ಕಲಿಯುತ್ತಾನೆ. ಇಲ್ಲಿ ಮೊದಲ ದಿನವೇ ಎತ್ತಿ ಒಗೆಯುತ್ತಾರೆ. ಗುದ್ದು, ಒದೆ, ಹಿಡಿತ, ಕುತ್ತಿಗೆಯ ಅಮುಕು ಎಲ್ಲವೂ ಒಂದೇ ಆಟದಲ್ಲಿ. ಮಿಕ್ಸ್ಚರ್ ಪೊಟ್ಟಣ ಬಿಚ್ಚಿದ ಹಾಗೆ. ಗಂಡು, ಹೆಣ್ಣು ಅನ್ನುವುದೂ ಇಲ್ಲ, ತೂಕ ಒಂದೇ ಲೆಕ್ಕ. ನನ್ನ ತೂಕವನ್ನು ಕೋಚ್ ಎಲ್ಲರೆದುರು ಕೂಗಿ ಹೇಳಿದಾಗ ಮಾತ್ರ ಗರಡಿಯೇ ವಾಸಿ ಅನ್ನಿಸಿತ್ತು.

ನಿಜವಾಗಿ ನನ್ನನ್ನು ಬೆರಗುಗೊಳಿಸಿದ್ದು ಸೋಲು. ಗರಡಿಯಲ್ಲಿ ಒಬ್ಬ ಚಿತ್ ಆದರೆ ಆ ಸೋಲು ಅವನ ಹಿಂದೆ ಮನೆಗೂ ಬರುತ್ತದೆ, ಚಹಾದಂಗಡಿಗೂ ಬರುತ್ತದೆ, ಕೆಲವರ ಹಿಂದೆ ಮದುವೆ ಚಪ್ಪರದವರೆಗೂ ಬಂದದ್ದುಂಟು. ಇಲ್ಲಿ ತಟ್ಟಿದೆಯೋ, ಬಿಟ್ಟರು. ಕೈ ಕುಲುಕಿ, ನೀರು ಕುಡಿದು, ಮತ್ತೆ ಶುರು. ಸೋಲು ಇಷ್ಟು ಹಗುರ ಇರಬಹುದು ಅಂತ ಯಾರೂ ನನಗೆ ಹೇಳಿರಲಿಲ್ಲ. ಆ ಸಂಜೆಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ, ರಸ್ತೆಯಂಚಿಗೆ ಒಣಗಿಸಿದ ಮೆಕ್ಕೆಜೋಳದ ಹಳದಿ ನೋಡುತ್ತ, ಮೈಯೆಲ್ಲ ನೋಯುತ್ತಿದ್ದರೂ ಮುಗುಳ್ನಗುತ್ತ ಬರುತ್ತಿದ್ದೆ. ಸುಖವಾಗಿತ್ತು ಅಂತಲೇ ಹೇಳಬೇಕು.

ಆದರೂ ಮ್ಯಾಟು ಮಣ್ಣಲ್ಲ. ಅದಕ್ಕೆ ರಬ್ಬರಿನ ವಾಸನೆ. ಮೊಣಕೈ ತರಚಿದರೆ ವಾರಗಟ್ಟಲೆ ಉರಿ. ಆಟ ಮುಗಿದ ಮೇಲೆ ಸೋತವನ ಬೆನ್ನು ತಿಕ್ಕುವವರಿಲ್ಲ, ಏನು ಉಂಡೆ ಅಂತ ಕೇಳುವವರಿಲ್ಲ. ಅವರವರ ಚೀಲ ಅವರವರ ಹೆಗಲಿಗೆ. ನನಗೆ ಎರಡೂ ಬೇಕಿತ್ತು. ಜಿಮ್ಮಿನ ಹಗುರವೂ ಬೇಕು, ಅಜ್ಜನ ಮಣ್ಣೂ ಬೇಕು. ನನ್ನ ಹುಡುಗಿಯರು ಶಾಲೆಯ ಬಯಲಲ್ಲಿ ಕಲ್ಲಿನ ಮೇಲೆ ಬಿದ್ದು ಮಂಡಿ ಒಡೆದುಕೊಳ್ಳುವುದನ್ನು ನೋಡಿದಾಗೆಲ್ಲ ಅಂಗಳದಾಚೆ ಖಾಲಿ ಬಿದ್ದ ಗರಡಿ ಕಣ್ಣಿಗೆ ಬರುತ್ತಿತ್ತು.

ಗರಡಿ ಖಾಲಿಯಾಗಿತ್ತು. ಹುಡುಗರೆಲ್ಲ ಜಿಮ್ಮು, ಕೆಲಸ, ಮೊಬೈಲು ಅಂತ ಚದುರಿದ್ದರು. ಬೆಳಿಗ್ಗೆ ಬರುವವರು ಯಾರೂ ಇರಲಿಲ್ಲ. ಗರಡಿಯ ಮಣ್ಣು ದಿನಾ ಕಾಲು ಕಾಣಬೇಕು, ದಿನಾ ಅಗೆಯಬೇಕು, ಇಲ್ಲವಾದರೆ ಕಲ್ಲಾಗುತ್ತದೆ. ಅಜ್ಜ ಎಂಬತ್ತು ದಾಟಿದವನು, ಒಬ್ಬನೇ ಸಲಿಕೆ ಹಿಡಿದು ಅಗೆಯುತ್ತಿದ್ದ. ತವರಿಗೆ ಹೋದಾಗೆಲ್ಲ ಕಿಟಕಿಯಿಂದ ನೋಡುತ್ತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ. ಅಜ್ಜ ಅಂಗಳದಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ, ಅವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

‘ಅಜ್ಜಾ, ನಮ್ಮ ಸಾಲಿ ಹುಡುಗ್ಯಾರನ್ನ ಗರಡಿಗೆ ಕರ್ಕೊಂಡು ಬರ್ಲಿ? ನೀ ಕಲಿಸು. ನಾನೂ ಕಲೀತೀನಿ. ಮಣ್ಣೂ ಉಳಿತೈತಿ.’

ಅಜ್ಜ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ‘ನೀ ಆ ಪ್ಲಾಸ್ಟಿಕ್ ಹಾಸಿಗಿ ಮ್ಯಾಲೆ ಏನೋ ಆಡ್ತೀ ಅಂತಲ್ಲ. ನಿಮ್ಮಪ್ಪ ಫೋನಿನ್ಯಾಗ ತೋರ್ಸಿದ. ಪಂಜರದಾಗ ಮನಷ್ಯಾರನ್ನ ಬಿಟ್ಟಾರ, ಸರ್ಕಸ್ಸಿನ್ಯಾಗ ಬಿಟ್ಟಂಗ.’

‘ನಮ್ಮಲ್ಲಿ ಪಂಜರ ಇಲ್ಲ. ಮಾತು ಮರಸಬ್ಯಾಡ. ಕರ್ಕೊಂಡು ಬರ್ಲ್ಯಾ, ಬ್ಯಾಡಾ?’

‘ನೋಡೂಣು,’ ಅಂದ.

ಅಜ್ಜನ ‘ನೋಡೂಣು’ ಅಂದರೆ ಇಲ್ಲ ಅಂತಲೇ ಅರ್ಥ, ಆದರೂ ನನ್ನ ಆಸೆ ಕೆಟ್ಟದ್ದು. ಬೇಡ ಅನ್ನಲಿಲ್ಲವಲ್ಲ ಅಂತ ಲೆಕ್ಕ ಹಾಕುತ್ತಲೇ ಇದ್ದೆ. ಕೆಲವು ವಾರವಾದ ಮೇಲೆ ಅಜ್ಜನೇ ಫೋನು ಮಾಡಿಸಿದ. ‘ಈ ಐತವಾರ ನಾನೂ ಬರ್ತೀನಿ. ನಿಮ್ಮ ಆ ಗರಡಿ ನೋಡ್ತೀನಿ.’

ಅಜ್ಜ ರುಮಾಲು ಸುತ್ತಿ, ಇಸ್ತ್ರಿಯ ಬಿಳಿ ಅಂಗಿ ಹಾಕಿ, ಹೆಣ್ಣು ನೋಡಲು ಹೊರಟವನ ಠೀವಿಯಲ್ಲಿ ಬಸ್ಸು ಹತ್ತಿದ. ಊರು ದಾಟುವಷ್ಟರಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ, ಮಗ್ಗುಲಾಗಿಯೇ. ಬಿಸಿಲು ಏರಿರಲಿಲ್ಲ. ಹೊಲಗಳ ಮೇಲೆ ತೆಳ್ಳನೆಯ ಮಂಜಿತ್ತು, ಬಸ್ಸು ನೆಲ ಮುಟ್ಟದೆ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ಅಜ್ಜನ ಕಿವಿ ನೋಡಿದೆ. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಮುದುಡಿದ ಕಿವಿ. ಅಷ್ಟು ಹತ್ತಿರದಿಂದ ಅದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಇವತ್ತು ಇವನ ಮನಸ್ಸು ಗೆಲ್ಲಬೇಕು ಅಂದುಕೊಂಡೆ, ಪರೀಕ್ಷೆಗೆ ಹೊರಟವಳ ಹಾಗೆ.

ಜಿಮ್ಮಿನ ಮೆಟ್ಟಿಲ ಕೆಳಗೇ ಅಜ್ಜ ಚಪ್ಪಲಿ ಬಿಟ್ಟ. ಕೋಚ್ ಓಡಿಬಂದು ಕಾಲಿಗೆ ಬಿದ್ದ. ಅಜ್ಜ ಒಳಗೆ ಬಂದು ನಾಲ್ಕೂ ಗೋಡೆ ನೋಡಿದ. ಹನುಮಪ್ಪನನ್ನು ಹುಡುಕುತ್ತಿದ್ದಾನೆ ಅಂತ ನನಗೆ ತಿಳಿಯಿತು. ಎಲ್ಲೆಲ್ಲೂ ಕಂಡದ್ದು ಅಜ್ಜನೇ, ಕನ್ನಡಿಗಳಲ್ಲಿ. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತ.

ಬ್ಯಾಂಕಿನ ಹುಡುಗಿಯೇ ನನ್ನ ಜೋಡಿ. ಅವತ್ತು ಚೆನ್ನಾಗಿಯೇ ಆಡುತ್ತಿದ್ದೆ. ಆಕೆ ಸಾರಿ ಅಂದಾಗಲೇ ಎಚ್ಚರವಾಗಿ ಕಾಲು ತಪ್ಪಿಸಿಕೊಂಡೆ. ಎರಡನೆಯ ಸಾರಿಗೆ ಮಾತ್ರ ಸಿಕ್ಕಿಬಿದ್ದೆ. ಬೀಳುತ್ತಿದ್ದೇನೆ ಅನ್ನುವ ಆ ಕ್ಷಣದಲ್ಲಿ ಕೋಚ್, ‘ಅಂಗಾತ ಬೀಳ್ರಿ ಅಕ್ಕಾ!’ ಅಂತ ಕೂಗಿದ. ಅದೇ ಉಸಿರಿಗೆ ಕುರ್ಚಿಯಿಂದ ಅಜ್ಜನ ದನಿ ಬಂತು, ‘ಬೆನ್ನು! ಬೆನ್ನು ಕಾಯಿ!’

ಗರಡಿಯ ಕಿಟಕಿಯಿಂದ ಸಾವಿರ ಸಲ ಕೇಳಿದ ದನಿ ಅದು. ಬೇರೆ ಯಾರಿಗೋ ಹೇಳುತ್ತಿದ್ದುದನ್ನು ಮೊದಲ ಸಲ ನನಗೆ ಹೇಳಿದ್ದ. ನಾನು ಬೋರಲಾದೆ. ಆಮೇಲಿನದು ಗೊತ್ತಿದ್ದದ್ದೇ. ಬೆನ್ನ ಮೇಲೆ ಭಾರ, ಗದ್ದದ ಕೆಳಗೆ ತೋಳು, ಮಂಜು. ತಟ್ಟಿದೆ. ಆದರೆ ಸುಳ್ಳು ಯಾಕೆ ಹೇಳಲಿ, ಆ ಸೋಲಿನಲ್ಲಿ ನನಗೆ ಖುಷಿಯೇ ಆಗಿತ್ತು.

‘ಬೆನ್ನು ಕಾಯ್ದಾಳ, ಆದ್ರೂ ಹೆಂಗ ಸೋತಳು?’ ಅಂತ ಅಜ್ಜ ಕೇಳಿದ.

ಕೋಚ್ ಕೈ ಕಟ್ಟಿಕೊಂಡು ನಿಂತ. ‘ವಸ್ತಾದ್ರ, ಇಲ್ಲಿ ಬೆನ್ನು ತಾಗಿದ್ರ ಆಟ ಮುಗಿಯಾಂಗಿಲ್ರಿ. ಕೆಳಗ ಬಿದ್ದೋನಿಗೂ ಆಟ ಐತ್ರಿ.’

ಕೆಳಗೆ ಗೋದಾಮಿನಲ್ಲಿ ಜೋಳದ ಚೀಲ ಎಸೆಯುವ ಸದ್ದು ಬರುತ್ತಿತ್ತು. ಅಜ್ಜ ಎದ್ದು ರುಮಾಲು ಬಿಚ್ಚಿ ಕುರ್ಚಿಯ ಮೇಲಿಟ್ಟ, ಮ್ಯಾಟಿನ ನಡುವಿಗೆ ಬಂದ, ಒಂದು ಮೊಣಕಾಲೂರಿ, ಇನ್ನೊಂದು ಊರಿ, ಕೈಯಾನಿಸಿ ಮೆಲ್ಲಗೆ ಅಂಗಾತ ಮಲಗಿದ. ಜಿಮ್ಮಿನವರಿಗೆ ಅದೇನೂ ಅಲ್ಲ. ಕೋಚ್ ಮಾತ್ರ ‘ಬ್ಯಾಡ್ರಿ ವಸ್ತಾದ್ರ’ ಅಂತ ಅಳುವ ದನಿಯಲ್ಲಿ ಮುಖ ತಿರುಗಿಸಿದ. ನನಗೂ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

‘ಮ್ಯಾಲೆ ಬಾರ್ಲೇ,’ ಅಂತ ಅವನನ್ನು ಕರೆದ.

‘ನನ್ನ ಕೈಲಿ ಆಗಾಂಗಿಲ್ರಿ,’ ಅಂದ ಕೋಚ್.

‘ಹಂಗಾರ ನೀ ಬಾ ತಾಯಿ.’

ನಾನು ಹೋಗಿ ಮಂಡಿಯೂರಿದೆ. ಕೋಚ್ ದೂರದಿಂದಲೇ ಕಾಲು ಎಲ್ಲಿ ಇಡಬೇಕು, ಕೈ ಎಲ್ಲಿ ಹಿಡಿಯಬೇಕು ಹೇಳುತ್ತಿದ್ದ. ಅಜ್ಜ ನನ್ನ ಮಣಿಕಟ್ಟು ಹಿಡಿದ. ಆ ಹಿಡಿತದಲ್ಲಿ ಮುದುಕನ ನಡುಕ ಇರಲಿಲ್ಲ. ಹುಟ್ಟಿದಾಗಿನಿಂದ ಅವನು ನನ್ನ ತಲೆ ಸವರಿದ್ದ, ಕೆನ್ನೆ ಹಿಂಡಿದ್ದ, ಆದರೆ ಪೈಲ್ವಾನನನ್ನು ಹಿಡಿದ ಹಾಗೆ ಹಿಡಿದದ್ದು ಅದೇ ಮೊದಲು. ಸೊಂಟ ಒಂಚೂರು ಸರಿಸಿದ, ಮಣಿಕಟ್ಟು ಎಳೆದ, ನಾನು ಪಕ್ಕಕ್ಕೆ ಉರುಳಿದೆ. ಬೇಕಂತಲೇ ಉರುಳಲಿಲ್ಲ ಅಂತ ಆಣೆ ಮಾಡಲಾರೆ. ಅಜ್ಜ ಹಾಗೇ ಮಲಗಿ ಸೂರು ನೋಡುತ್ತ ನಕ್ಕ. ‘ಇಲ್ಲಿಂದ ಎಲ್ಲಾ ಬ್ಯಾರೇನ ಕಾಣ್ತೈತಲ್ಲೇ,’ ಅಂದ.

ಬರುವಾಗ ಬಸ್ಸಿನಲ್ಲಿ ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಇನ್ನೇನು, ಬೆನ್ನೇ ನೆಲಕ್ಕೆ ಹಚ್ಚಿದವನು ಹೊಸ್ತಿಲು ಬಿಡುವುದಿಲ್ಲವೇ? ‘ಯಾವಾಗ ಕರ್ಕೊಂಡು ಬರ್ಲಿ ಹುಡುಗ್ಯಾರನ್ನ?’ ಅಂತ ಕೇಳಿದೆ.

‘ಗರಡಿಯೊಳಗ ಹೆಣ್ಮಕ್ಕಳನ್ನ ಬಿಡಾಂಗಿಲ್ಲ,’ ಅಂದ ಅಜ್ಜ. ಕಿಟಕಿಯ ಕಡೆ ನೋಡುತ್ತಿದ್ದ. ‘ನಮ್ಮ ವಸ್ತಾದ ಸಾಯೂಮುಂದ ಹನುಮಪ್ಪನ ಮುಂದ ಕೈ ಹಿಡಿದು ಮಾತು ತಗೊಂಡಾನ. ನಾ ಜೀವಂತ ಇರೂತನ ಅದನ್ನ ಮುರಿಯಾಂಗಿಲ್ಲ. ನನ್ನ ಬೆನ್ನು ನಂದು, ಎಲ್ಲಿ ಬೇಕಾದಲ್ಲಿ ಹಚ್ತೀನಿ. ಮಾತು ನಂದಲ್ಲ.’

ನನ್ನ ಮೂಗಿನ ತುದಿಯ ಸಿಟ್ಟು ನೆತ್ತಿಗೇರಿತು. ‘ಹಂಗಾರ ನಿನ್ನ ಮಣ್ಣು ಕಲ್ಲಾಗಲಿ,’ ಅಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೊಟ್ಟೂರಿನಲ್ಲಿ ಇಳಿದು ನನ್ನ ದಾರಿ ನಾನು ಹಿಡಿದೆ, ಅವನ ದಾರಿ ಅವನು.

ಆಮೇಲೆ ತವರಿನ ಕಡೆ ತಲೆ ಹಾಕಲಿಲ್ಲ. ದುಃಖವಾಗಿತ್ತು. ಅಜ್ಜನ ಕೈ ಸಿಕ್ಕಿತ್ತು, ಮಣ್ಣು ಸಿಗಲಿಲ್ಲ. ಸಿಕ್ಕಿದ್ದರಲ್ಲೇ ಸಮಾಧಾನ ಪಡುವ ಹೆಣ್ಣು ನಾನಲ್ಲ. ಹಾಗೇ ಇರುವಾಗ ಒಂದು ಬೆಳಿಗ್ಗೆ ಅವ್ವನ ಫೋನು ಬಂತು. ‘ನಿಮ್ಮಜ್ಜ ಏನೋ ನಡಸ್ಯಾರ. ಲಗೂನ ಬಾ.’

ಏನಾಯಿತೋ ಅಂತ ಓಡಿದೆ. ಅಂಗಳದ ಬಾಗಿಲು ದೂಡಿದರೆ ಅಜ್ಜ ಗರಡಿಯ ಹೊಸ್ತಿಲು ದಾಟಿ ಹೊರಗೆ ಬರುತ್ತಿದ್ದ, ಸೊಂಟದ ಮೇಲೆ ಮಣ್ಣು ತುಂಬಿದ ಬುಟ್ಟಿ. ಅವನ ಹಿಂದೆ ಹರಪನಹಳ್ಳಿಯಿಂದ ಬಂದ ಕೋಚ್, ಅವನ ತಲೆಯ ಮೇಲೂ ಬುಟ್ಟಿ. ಅಂಗಳದ ನಡುವೆ ಇಟ್ಟಿಗೆ ಸಾಲಿಟ್ಟು ಕಟ್ಟಿದ ಚೌಕ ಆಗಲೇ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಕಿಟಕಿಯಿಂದ ಇಣುಕಿದೆ. ಹನುಮಪ್ಪನ ಮುಂದೆ ಬರೀ ತಗ್ಗು. ಅಷ್ಟು ವರ್ಷ ಗಂಡಸರು ಬಿದ್ದೆದ್ದ ಜಾಗ ಬೋಳಾಗಿ, ತಣ್ಣಗೆ, ಬಾಯಿ ತೆರೆದುಕೊಂಡಿತ್ತು.

‘ಅಜ್ಜಾ, ಗರಡಿ ಹೋತಲ್ಲೋ,’ ಅಂದೆ.

‘ಹೆಣ್ಮಕ್ಕಳು ಒಳಗ ಬರಬಾರದು ಅಂತ ಮಾತು ಕೊಟ್ಟೀನಿ,’ ಅಂದ ಅಜ್ಜ, ಬುಟ್ಟಿ ಸುರಿಯುತ್ತ. ‘ಮಣ್ಣು ಹೊರಗ ಹೋಗಬಾರದು ಅಂತ ಯಾವ ಮಗನೂ ನನ್ನಿಂದ ಮಾತು ತಗೊಂಡಿಲ್ಲ. ನಿಂದ್ರಬ್ಯಾಡ, ಚಪ್ಲಿ ಬಿಡು. ಬಾ.’

ಚಪ್ಪಲಿ ಬಿಟ್ಟೆ. ಚೌಕದ ಅಂಚಿಗೆ ಬಂದೆ. ಬೆಳಗಿನ ಎಳೆ ಬಿಸಿಲು ಮಣ್ಣಿನ ಮೇಲೆ ಹರಡಿತ್ತು, ಅರಿಶಿನದ, ಎಣ್ಣೆಯ ಆ ಹಳೆಯ ವಾಸನೆ ಮೂಗಿಗೆ ಬಂತು. ಕಾಲು ಎತ್ತಬೇಕು, ಏಳಲೊಲ್ಲದು. ಜೀವಮಾನವೆಲ್ಲ ಜಗಳವಾಡಿ ಕೇಳಿದವಳು, ಕೊಟ್ಟಾಗ ಹೆದರಿ ನಿಂತಿದ್ದೆ. ಏನೋ ಅಪಚಾರವಾದೀತು ಅನ್ನುವ ಭಯ ನನ್ನಂಥವಳ ಮೈಯಲ್ಲೂ ಕೂತಿತ್ತು.

ಆಗ ಪಕ್ಕದಲ್ಲಿ ಬಳೆಯ ಸದ್ದಾಯಿತು. ಅಡುಗೆಮನೆಯಿಂದ ಅವ್ವ ಬಂದಿದ್ದಳು. ಮಾವನ ಎದುರು ಎಂದೂ ಇಳಿಸದ ತಲೆಯ ಮೇಲಿನ ಸೆರಗನ್ನು ಇಳಿಸಿ, ಸೊಂಟಕ್ಕೆ ಸುತ್ತಿ ಸಿಕ್ಕಿಸಿದಳು. ನನ್ನನ್ನು ನೋಡಲಿಲ್ಲ. ಇಟ್ಟಿಗೆಯ ಸಾಲು ದಾಟಿ ಒಂದು ಕಾಲಿಟ್ಟಳು, ಇನ್ನೊಂದು ಇಟ್ಟಳು. ಪಾದ ಪೂರಾ ಮುಳುಗಿತು. ಚೌಕದ ನಟ್ಟನಡುವೆ ಹೋಗಿ, ಕಣ್ಣು ಮುಚ್ಚಿಕೊಂಡು ನಿಂತಳು. ಕೋಚ್ ತಲೆ ತಗ್ಗಿಸಿದ. ಅಜ್ಜ ಖಾಲಿ ಬುಟ್ಟಿ ಹಿಡಿದು ಹಾಗೇ ನಿಂತಿದ್ದ.

‘ಈ ಮನಿಗೆ ಬಂದಾಗಿಂದ ಕೇಳಬೇಕಂತಿದ್ದೆ ಮಾವಾರ,’ ಅಂದಳು ಅವ್ವ, ಕಣ್ಣು ತೆರೆಯದೆ. ‘ಒಮ್ಮಿ ನಿಂತು ನೋಡ್ಲೇನ್ರಿ ಅಂತ.’

ಅಜ್ಜ ಬುಟ್ಟಿ ಕೆಳಗಿಟ್ಟ. ‘ಕೇಳಿದ್ರ ಬ್ಯಾಡ ಅಂತಿದ್ನವ್ವ,’ ಅಂದ.

‘ಅದಕ್ಕ ಕೇಳಲಿಲ್ರಿ,’ ಅಂದಳು ಅವ್ವ.